ಮನೆ ಬಿಟ್ಟು ಓಡಿ ಮನೆಗೇ ಬಂದವನು
ಒಗಟಿನ ಓಣಿ



ಒಬ್ಬನು ಮನೆಯಿಂದ ಓಡುತ್ತ ಹೊರಟನು. ಸ್ವಲ್ಪ ದೂರ ಹೋಗಿ ಎಡಕ್ಕೆ ಹೊರಳಿದನು. ಮತ್ತೆ ಸ್ವಲ್ಪ ದೂರ ಓಡಿ ಮತ್ತೆ ಎಡಕ್ಕೆ ಹೊರಳಿದನು. ಮೂರನೆಯ ಸಲವೂ ಎಡಕ್ಕೇ ಹೊರಳಿ ಮನೆಯತ್ತ ಮುಖ ಮಾಡಿದಾಗ ಅಲ್ಲಿ ಮುಖವಾಡ ತೊಟ್ಟ ಇಬ್ಬರು ಅವನಿಗಾಗಿಯೇ ಕಾದಿದ್ದರು. ಅವನು ಹೆದರಲಿಲ್ಲ, ಹಿಂದಿರುಗಲೂ ಇಲ್ಲ. ಮೊದಲಿಗಿಂತ ಜೋರಾಗಿ ಅವರತ್ತಲೇ ನುಗ್ಗಿದನು. ಆ ಇಬ್ಬರು ಯಾರು?

ಇದು ಅಮೆರಿಕದ ಮಕ್ಕಳ ಬಾಯಲ್ಲಿ ನಲಿದಾಡುವ ಒಗಟು. ಮಗನೋ ಮಗಳೋ ಆ ದೇಶದಲ್ಲಿ ನೆಲೆಸಿರುವ ನಮ್ಮ ಓದುಗರ ಮನೆಗಳಿಗೆ ಇಂಥ ಒಗಟುಗಳು ಈಗ ದೂರವಾಣಿಯ ಮೂಲಕವೇ ಬಂದು ತಲುಪುತ್ತವೆ. ಮೊಮ್ಮಗು ಕೇಳುತ್ತದೆ, ಅಜ್ಜ ಕಳ್ಳರೆನ್ನುತ್ತಾರೆ, ಅಜ್ಜಿ ವೇಷದವರೆನ್ನುತ್ತಾರೆ, ಮಗು ಕೈ ತಟ್ಟಿ ನಕ್ಕು, ಉತ್ತರವನ್ನೂ ಹೇಳಿ, ಹೇಳಿದ ಉತ್ತರ ಅರ್ಥವಾಗದೆ ಹಿರಿಯರು ಸುಮ್ಮನಾಗುತ್ತಾರೆ. ಒಗಟು ಬಿಡಿಸಲಾಗದ ಸೋಲಿಗಿಂತ ಬಿಡಿಸಿ ಹೇಳಿದರೂ ತಿಳಿಯದ ಮೌನ ದೊಡ್ಡದು. ಆದುದರಿಂದ ಈ ತಿಂಗಳ ಓಣಿಯನ್ನು ಬೇಸ್‌ಬಾಲ್ ಎಂಬ ಆ ದೇಶದ ಆಟಕ್ಕೆ, ಅದರ ಆಟಗಾರರಿಗೆ, ತಂಡಗಳಿಗೆ ಮೀಸಲಿಟ್ಟಿದ್ದೇವೆ. ಒಗಟುಗಳ ತಿರುಳು ಅಲ್ಲಿಯದು. ಮಾತು ಕಟ್ಟಿದ್ದು, ಮೇಲಿನದೊಂದನ್ನು ಬಿಟ್ಟರೆ, ನಮ್ಮದೇ.

ಮೊದಲು ಆಟದ ವಿಚಾರ ಎರಡು ಮಾತು. ಕ್ರಿಕೆಟ್ ಬಲ್ಲವರಿಗೆ ಇದು ಅಪರಿಚಿತವೇನಲ್ಲ. ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಉಳಿದವರು ಹಿಡಿಯುತ್ತಾರೆ. ಆದರೆ ಚೆಂಡು ನೆಲ ಮುಟ್ಟದೆ ನೇರವಾಗಿ ಬರುತ್ತದೆ; ದಾಂಡು ಒನಕೆಯಂತೆ ಗುಂಡಗಿರುತ್ತದೆ. ಮೈದಾನದ ನಡುವೆ ಪ್ರತಿಯೊಂದು ಬದಿಯೂ 90 ಅಡಿಯಿರುವ ಒಂದು ಚೌಕ. ಅದರ ಒಂದು ಮೂಲೆಯ ಹೆಸರೇ ಹೋಮ್, ಅಂದರೆ ಮನೆ. ಚೌಕವನ್ನು ಆ ಮೂಲೆಯಿಂದ ನೋಡಿದರೆ ಇಸ್ಪೀಟಿನ ಡೈಮನ್ ಎಲೆಯ ಆಕಾರ ಕಾಣುವುದರಿಂದ ಅದನ್ನು ವಜ್ರವೆಂದೇ ಕರೆಯುತ್ತಾರೆ. ಹೊಡೆದವನು ಮನೆಯಿಂದ ಹೊರಟು ಬಲಗಡೆಯ ಮೊದಲನೆಯ ಬೇಸಿಗೆ ಓಡಬೇಕು. ಅಲ್ಲಿಂದ ಎಡಕ್ಕೆ ಹೊರಳಿ ಎರಡನೆಯದು, ಮತ್ತೆ ಎಡಕ್ಕೆ ಮೂರನೆಯದು, ಮತ್ತೊಮ್ಮೆ ಎಡಕ್ಕೆ ಹೊರಳಿದರೆ ಮನೆ. ಮನೆ ಮುಟ್ಟಿದರೆ ಒಂದು ಓಟ. ಅಲ್ಲಿ ಚೆಂಡು ಹಿಡಿಯಲು ಕುಕ್ಕರಗಾಲಿನಲ್ಲಿ ಕುಳಿತ ಕ್ಯಾಚರನೂ ಅವನ ಬೆನ್ನಿಗೆ ನಿಂತ ಅಂಪೈರನೂ ಮುಖಕ್ಕೆ ಪೆಟ್ಟಾಗದಂತೆ ಕಬ್ಬಿಣದ ಜಾಲರಿಯ ಮುಖವಾಡ ತೊಟ್ಟಿರುತ್ತಾರೆ. ಇವರೇ ನಮ್ಮ ಮುಖವಾಡದವರು.

ಈ ಒಗಟಿನ ಗಂಟು ಎಲ್ಲಿದೆ ನೋಡಿರಿ. ‘ಮನೆ’ ಎಂಬೊಂದು ಮಾತಿನಲ್ಲಿ. ಮನೆಯೆಂದೊಡನೆ ನಮ್ಮ ಮನಸ್ಸು ಹೊಸಲು, ಒಲೆ, ತುಳಸಿಕಟ್ಟೆಗಳನ್ನು ಕಟ್ಟಿಕೊಳ್ಳುತ್ತದೆ. ಒಗಟು ಹೇಳುವವನು ಸುಳ್ಳು ಹೇಳಲಿಲ್ಲ; ನಾವೇ ಕಟ್ಟಿಕೊಂಡ ಮನೆ ನಮ್ಮನ್ನು ದಾರಿ ತಪ್ಪಿಸಿತು. ತೆಲುಗಿನವರು ಪೊಡುಪು ಕಥೆಯೆನ್ನಲಿ, ತಮಿಳರು ವಿಡುಕಥೈ ಎನ್ನಲಿ, ಮಲೆಯಾಳದವರು ಕಡಂಕಥ ಎನ್ನಲಿ, ಮರಾಠಿಯವರು ಕೋಡೆಂ ಎನ್ನಲಿ, ನಾವು ಒಗಟೆನ್ನಲಿ ಒಡಪೆನ್ನಲಿ, ಎಲ್ಲದರ ಹೂಟವೂ ಇದೇ. ಬಿಡಿಸುವವನು ಮೊದಲು ಮಾಡಬೇಕಾದ ಕೆಲಸವೆಂದರೆ ತೀರ ಸರಳವಾಗಿ ಕಾಣುವ ಮಾತನ್ನೇ ಹಿಡಿದು ಅಲುಗಿಸಿ ನೋಡುವುದು.

ಮಕ್ಕಳ ಒಗಟುಗಳಲ್ಲಿ ಬಹುಪಾಲು ಬರಿಯ ಪದಚಮತ್ಕಾರ. ಇಂಗ್ಲಿಷಿನಲ್ಲಿ ದಾಂಡಿಗೂ ಬಾವಲಿಗೂ ‘ಬ್ಯಾಟ್’ ಎಂಬ ಒಂದೇ ಹೆಸರು. ಎಸೆಯುವವನಿಗೂ ನೀರಿನ ಹೂಜಿಗೂ ‘ಪಿಚರ್’ ಒಂದೇ. ಹೊಡೆಯುವವನಿಗೂ ನಮ್ಮ ದೋಸೆಯ ಹಿಟ್ಟಿಗೂ ‘ಬ್ಯಾಟರ್’ ಎಂಬುದೇ ಹೆಸರಾದ್ದರಿಂದ ‘ಒಳ್ಳೆಯ ತಂಡಕ್ಕೂ ಒಳ್ಳೆಯ ಕೇಕಿಗೂ ಬೇಕಾದದ್ದು ಯಾವುದು’ ಎಂದು ಅಲ್ಲಿನ ಮಗು ಕೇಳುತ್ತದೆ. ಕೇಕಿನ ಬದಲು ದೋಸೆಯೆಂದು ತಿದ್ದಿ ನೀವೂ ಮರಳಿ ಕೇಳಬಹುದು, ಒಗಟು ಕೆಡುವುದಿಲ್ಲ. ಆದರೆ ಕನ್ನಡಕ್ಕೆ ತಂದೊಡನೆ ಈ ಚಮತ್ಕಾರ ಉಸಿರು ಬಿಡುತ್ತದೆ. ಭಾಷೆಯ ಗಡಿ ದಾಟಲಾರದ ಒಗಟುಗಳಿವು.

ದಾಟಬಲ್ಲದ್ದೊಂದು ಉಂಟು. ಅಬಟ್ ಮತ್ತು ಕಾಸ್ಟೆಲೊ ಎಂಬ ಇಬ್ಬರು ಹಾಸ್ಯಗಾರರು 1938ರಲ್ಲಿ ಆಕಾಶವಾಣಿಯಲ್ಲಿಯೂ 1945ರಲ್ಲಿ ಚಲಚ್ಚಿತ್ರದಲ್ಲಿಯೂ ಆಡಿ ತೋರಿಸಿದ ಪ್ರಸಂಗದಲ್ಲಿ ಒಂದು ತಂಡದ ಆಟಗಾರರ ಹೆಸರುಗಳೇ ವಿಚಿತ್ರ: ಮೊದಲನೆಯ ಬೇಸಿನವನ ಹೆಸರು ‘ಯಾರು’, ಎರಡನೆಯವನದು ‘ಏನು’, ಮೂರನೆಯವನದು ‘ಗೊತ್ತಿಲ್ಲ’. ಮೊದಲನೆಯ ಬೇಸಿನಲ್ಲಿರುವವನು ಯಾರೆಂದು ಒಬ್ಬ ಕೇಳಿದರೆ ಇನ್ನೊಬ್ಬ ಹೌದೆನ್ನುತ್ತಾನೆ. ಮುಂದಿನದನ್ನು ಊಹಿಸಿಕೊಳ್ಳಿರಿ. ಕನ್ನಡದಲ್ಲಿ ಇದು ಒಂದಿನಿತೂ ಸೊರಗದೆ ನಿಲ್ಲುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಆಡಿಸಬಹುದು. ಕೂಪರ್ಸ್‌ಟೌನಿನಲ್ಲಿರುವ ಆ ಆಟದ ಕೀರ್ತಿಮಂದಿರದಲ್ಲಿ ಈ ಪ್ರಸಂಗಕ್ಕೂ ಒಂದು ಸ್ಥಾನ ಕೊಟ್ಟಿದ್ದಾರೆ.

ಇನ್ನು ತಂಡಗಳಿಗೆ ಬರೋಣ.

ಕೋಲಿನ ಮೇಲೆ ಕೆಂಪು ಹಕ್ಕಿ. ಹೆಸರು ಕೊಟ್ಟದ್ದು ಹಕ್ಕಿಯಲ್ಲ. ಯಾವ ತಂಡ?

ಸೇಂಟ್ ಲೂಯಿಸಿನ ಕಾರ್ಡಿನಲ್ಸ್. ಕಾರ್ಡಿನಲ್ ಎಂಬ ಕೆಂಪು ಹಕ್ಕಿ ಅವರ ಅಂಗಿಯ ಮೇಲೆ ದಾಂಡಿನ ತುದಿಯಲ್ಲಿ ಕುಳಿತಿರುವುದನ್ನು ಕಂಡವರು ಹಕ್ಕಿಯಿಂದಲೇ ಹೆಸರು ಬಂತೆಂದು ತಿಳಿಯುವುದು ಸಹಜ. ಆದರೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ತಂಡದ ಉಡುಪಿನ ಅಂಚಿಗೆ ಬಳಸಿದ ಒಂದು ಬಗೆಯ ಕೆಂಪು ಬಣ್ಣಕ್ಕೆ ಆ ಹೆಸರಿತ್ತು. ಬಣ್ಣದ ಹೆಸರು ತಂಡಕ್ಕಾಯಿತು. ಹಕ್ಕಿ ಬಂದು ಅಂಗಿಯ ಮೇಲೆ ಕುಳಿತದ್ದು 1922ರಲ್ಲಿ. ಮೊದಲು ಹೆಸರು, ಆಮೇಲೆ ಹಕ್ಕಿ.

ಬೈದವನ ಬಾಯಿಂದ ಬಿಳಿಯಾನೆ ಬಂತು. ಊರು ಊರು ದಾಟಿದರೂ ಆನೆ ದಣಿಯಲಿಲ್ಲ.

ಬಿಳಿಯಾನೆಯೆಂದರೆ ಸಾಕುವುದೇ ಹೊರೆಯಾದ, ಫಲವಿಲ್ಲದ ವಸ್ತುವೆಂಬ ನುಡಿಗಟ್ಟು ನಮ್ಮಲ್ಲಿಯೂ ರೂಢಿಗೆ ಬಂದಿದೆ. ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ತಂಡ ಹೊಸದಾಗಿ ಕಟ್ಟಿದ ದಿನಗಳಲ್ಲಿ ಪ್ರತಿಸ್ಪರ್ಧಿಯಾದ ಜಾನ್ ಮೆಗ್ರಾ ಎಂಬಾತ ಅದನ್ನು ಬಿಳಿಯಾನೆಯೆಂದು ಹೀಗಳೆದನು. ತಂಡದ ಯಜಮಾನಿಕೆ ನೋಡುತ್ತಿದ್ದ ಕಾನಿ ಮ್ಯಾಕ್ ಮರುಮಾತಾಡದೆ ಆನೆಯನ್ನೇ ತಂಡದ ಲಾಂಛನ ಮಾಡಿಕೊಂಡನು. ತಂಡ 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಯಿತು, 1968ರಲ್ಲಿ ಓಕ್ಲೆಂಡಿಗೆ, 2025ರಲ್ಲಿ ಸ್ಯಾಕ್ರಮೆಂಟೊ ಬಳಿಗೆ. ಪಿಟ್ಸ್‌ಬರ್ಗಿನ ಕಥೆಯೂ ಇದೇ ಜಾತಿಯದು. 1891ರಲ್ಲಿ ಬೇರೆ ತಂಡದವರು ತಮ್ಮವನೆಂದು ನಂಬಿದ್ದ ಲೂ ಬೀರ್‌ಬಾವರ್ ಎಂಬ ಆಟಗಾರನನ್ನು ಸೆಳೆದುಕೊಂಡುದಕ್ಕೆ ‘ಇದು ಕಡಲುಗಳ್ಳರ ಕೆಲಸ’ ಎಂಬ ಬೈಗುಳ ಬಂತು. ಅವರು ಪೈರೇಟ್ಸ್, ಅಂದರೆ ಕಡಲುಗಳ್ಳರೆಂದೇ ಹೆಸರಿಟ್ಟುಕೊಂಡರು. ಇದೇ ಕಡಲುಗಳ್ಳರು 2008ರಲ್ಲಿ ನಮ್ಮ ದೇಶದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಈಟಿ ಎಸೆಯುವ ಹುಡುಗರನ್ನು ಸೇರಿಸಿಕೊಂಡು ತಮ್ಮ ಕೆಳಹಂತದ ತಂಡಗಳಲ್ಲಿ ಎಸೆಗಾರರನ್ನಾಗಿ ಆಡಿಸಿದರು. ಅದಕ್ಕೆ ಮುಂಚೆ ಅವರು ಬೇಸ್‌ಬಾಲ್ ಆಡಿದವರಲ್ಲ. 2014ರಲ್ಲಿ ಅವರ ಕಥೆ ಚಲಚ್ಚಿತ್ರವೂ ಆಯಿತು.

ಬಂಡಿಗೆ ಹೆದರಿ ಹೆಸರು ಪಡೆದ. ಬಂಡಿ ನಿಂತಿತು, ಊರು ಬಿಟ್ಟಿತು, ಹೆಸರು ಮಾತ್ರ ಬಿಡಲಿಲ್ಲ.

ಇದು ನನಗೆ ಬಹಳ ಹಿಡಿಸಿದ ಒಗಟು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ 1890ರ ದಶಕದಲ್ಲಿ ವಿದ್ಯುತ್ತಿನ ಟ್ರಾಮ್ ಬಂಡಿಗಳು ಓಡತೊಡಗಿದವು. ಕುದುರೆ ಎಳೆಯುವ ಬಂಡಿಗಳ ನಿಧಾನಕ್ಕೆ ಒಗ್ಗಿದ್ದ ಜನ ಈ ಹೊಸ ವೇಗಕ್ಕೆ ಸಿಕ್ಕದಂತೆ ಹಾರಿ ತಪ್ಪಿಸಿಕೊಂಡು ಬೀದಿ ದಾಟಬೇಕಾಗಿತ್ತು. ಹಾಗೆ ತಪ್ಪಿಸಿಕೊಳ್ಳುವವರನ್ನು ಇಂಗ್ಲಿಷಿನಲ್ಲಿ ಡಾಜರ್ಸ್ ಎನ್ನುತ್ತಾರೆ. ಊರವರಿಗೆ ಅಂಟಿದ ಅಡ್ಡಹೆಸರು ಊರ ತಂಡಕ್ಕೂ ಅಂಟಿತು. 1956ರಲ್ಲಿ ಬ್ರೂಕ್ಲಿನ್ನಿನ ಕೊನೆಯ ಟ್ರಾಮ್ ನಿಂತಿತು. 1957ರ ಆಟ ಮುಗಿದ ಮೇಲೆ ತಂಡವೇ ಊರು ಬಿಟ್ಟು, ಖಂಡದ ಆ ತುದಿಯ ಲಾಸ್ ಏಂಜಲೀಸಿಗೆ ಹೋಯಿತು. ಅವರ ಹಳೆಯ ಮೈದಾನವನ್ನು 1960ರಲ್ಲಿ ಕೆಡವಿದರು. ಲಾಸ್ ಏಂಜಲೀಸಿನ ಮಗುವಿಗೆ ತನ್ನ ತಂಡದ ಹೆಸರಿನ ಅರ್ಥ ಕೇಳಿದರೆ ತಾನು ಕಾಣದ ಊರಿನ, ಈಗಿಲ್ಲದ ಬಂಡಿಯ ವಿಚಾರ ಹೇಳಬೇಕಾಗುತ್ತದೆ. ಎಲ್ಲಿಯದೋ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತು ತಲೆಮಾರುಗಳಿಂದ ಬೇರೆ ಊರಲ್ಲಿ ಬಾಳುತ್ತಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಾರದು.

ಕರೆದದ್ದು ನಮ್ಮ ಹೆಸರು. ಬೊಟ್ಟು ತೋರಿದ್ದು ಬೇರೆಯವರತ್ತ. ನೂರು ವರುಷ ಕಳೆದ ಮೇಲೆ ಸೇತುವೆಯ ಕಲ್ಲಿನಾಳು ಆ ಹೆಸರನ್ನು ಬಿಡಿಸಿದ.

ಕ್ಲೀವ್‌ಲೆಂಡ್ ನಗರದ ತಂಡಕ್ಕೆ 1915ರಿಂದ ಇಂಡಿಯನ್ಸ್ ಎಂಬ ಹೆಸರಿತ್ತು. ಆ ಇಂಡಿಯನ್ನರು ನಾವಲ್ಲ. ಕೊಲಂಬಸನು ಇಂಡಿಯಾವನ್ನು ಅರಸಿ ಹೊರಟು ಬೇರೆಲ್ಲಿಗೋ ಮುಟ್ಟಿದಾಗ ಅಲ್ಲಿನ ಮೂಲನಿವಾಸಿಗಳಿಗೆ ಅಂಟಿಸಿದ ಹೆಸರು. ತಮ್ಮದಲ್ಲದ ಹೆಸರಿನಿಂದ ಕರೆಯಿಸಿಕೊಂಡುದಲ್ಲದೆ ಹಲ್ಲು ಕಿರಿಯುವ ಕೆಂಪು ಮುಖದ ವಿಕಟಚಿತ್ರವಾಗಿ ಆಟಗಾರರ ಟೋಪಿಯ ಮೇಲೆ ಕೂರಬೇಕಾಗಿ ಬಂದ ಆ ಜನ ದಶಕಗಳ ಕಾಲ ಪ್ರತಿಭಟಿಸಿದರು. ಚಿತ್ರ 2018ರ ಆಟಗಳ ಬಳಿಕ ಉಡುಪಿನಿಂದ ಹೋಯಿತು. ಹೆಸರು 2021ರ ಆಟಗಳ ಬಳಿಕ ಹೋಯಿತು. ಈಗಿನ ಹೆಸರು ಗಾರ್ಡಿಯನ್ಸ್, ಕಾವಲುಗಾರರು. ಮೈದಾನಕ್ಕೆ ಸಮೀಪದ ಹೋಪ್ ಮೆಮೋರಿಯಲ್ ಸೇತುವೆಯ ಮೇಲೆ ಸಂಚಾರವನ್ನು ಕಾಯುವಂತೆ ನಿಂತಿರುವ ಭಾರಿ ಕಲ್ಲುವಿಗ್ರಹಗಳಿಂದ ಬಂದದ್ದು. ಈ ಒಗಟನ್ನು ಬಿಡಿಸುವಾಗ ‘ನಮ್ಮ ಹೆಸರು’ ಎಂಬಲ್ಲಿ ‘ನಮ್ಮ’ ಎಂದರೆ ಯಾರ ಎಂದು ಕೇಳಿಕೊಂಡವನು ಅರ್ಧ ಗೆದ್ದಂತೆ.

ಆಟಗಾರರ ಒಗಟುಗಳಿಗೆ ಬಂದರೆ ಪದಗಳಿಗಿಂತ ಸಂಗತಿಗಳು ಹೆಚ್ಚು ಕೆಲಸ ಮಾಡುತ್ತವೆ. ಇಲ್ಲಿ ಬೇಕಾದದ್ದು ತರ್ಕ.

ಬೆಳಕಿನಲ್ಲಿ ಒಂದೂರ ಅಂಗಿ, ಕತ್ತಲಲ್ಲಿ ಒಂದೂರ ಅಂಗಿ. ಒಂದೇ ದಿನ ಇಬ್ಬರು ಒಡೆಯರಿಗೂ ದುಡಿದ.

ಒಬ್ಬನೇ ಆಟಗಾರ ಒಂದೇ ದಿನ ಎರಡು ತಂಡಗಳಿಗೆ, ಎರಡು ಊರುಗಳಲ್ಲಿ ಆಡಿರಬೇಕಾದರೆ ಮೊದಲನೆಯ ಪಂದ್ಯ ಹಗಲಿನದು, ಎರಡನೆಯದು ರಾತ್ರಿಯದು ಆಗಿರಬೇಕು. ಮುಖ್ಯ ತಂಡಗಳ ಮೈದಾನಗಳಲ್ಲಿ ತೀರ ಈಚಿನವರೆಗೂ ದೀಪಗಳಿಲ್ಲದೆ ಹಗಲಿನಲ್ಲೇ ಆಡುತ್ತಿದ್ದುದು ಒಂದೇ ಒಂದು: ಷಿಕಾಗೋದ ರಿಗ್ಲಿ ಫೀಲ್ಡ್. ಅಲ್ಲಿ ದೀಪ ಹಚ್ಚಿದ್ದು 1988ರ ಆಗಸ್ಟಿನಲ್ಲಿ. ಅಂದಮೇಲೆ ಅದಕ್ಕೂ ಹಿಂದಿನ ಯಾವುದೋ ವರ್ಷದಲ್ಲಿ ಹುಡುಕಬೇಕು. ಹೀಗೆ ಹುಡುಕಿದವರಿಗೆ ಸಿಗುವವನು ಜೋಯಲ್ ಯಂಗ್‌ಬ್ಲಡ್. 1982ರ ಆಗಸ್ಟ್ 4ರಂದು ಅವನು ನ್ಯೂಯಾರ್ಕ್ ಮೆಟ್ಸ್ ತಂಡದವನಾಗಿ ಷಿಕಾಗೋದಲ್ಲಿ ಹಗಲು ಆಡಿ ಚೆಂಡನ್ನು ಹೊಡೆದು ಬೇಸು ಗಳಿಸಿದನು. ಪಂದ್ಯ ನಡೆದಿರುವಾಗಲೇ ಮಾಂಟ್ರಿಯಲ್ ತಂಡಕ್ಕೆ ಅವನನ್ನು ಕೊಟ್ಟಾಗಿತ್ತು. ವಿಮಾನ ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ ಆ ರಾತ್ರಿಯೇ ಹೊಸ ತಂಡದ ಅಂಗಿ ತೊಟ್ಟು ಅಲ್ಲಿಯೂ ಹೊಡೆದು ಬೇಸು ಗಳಿಸಿದನು. ಹಗಲು ಅವನಿಗೆ ಎಸೆದವನು ಫರ್ಗುಸನ್ ಜೆಂಕಿನ್ಸ್, ರಾತ್ರಿ ಎಸೆದವನು ಸ್ಟೀವ್ ಕಾರ್ಲ್ಟನ್. ಇಬ್ಬರೂ ಮುಂದೆ ಕೀರ್ತಿಮಂದಿರ ಸೇರಿದ ಘಟಾನುಘಟಿಗಳು.

ಇದಕ್ಕಿಂತ ಕಠಿಣವಾದುದು ಇನ್ನೊಂದು. ಅವನೇ ಹೊಡೆಯಲು ನಿಂತ. ಅದೇ ಸರದಿಯಲ್ಲಿ ಅವನೇ ಬೆನ್ನ ಹಿಂದೆ ಹಿಡಿಯಲು ಕೂತ.

ಅಸಾಧ್ಯವೆಂದು ಕೈ ಚೆಲ್ಲಬೇಡಿರಿ. ಒಂದು ಪಂದ್ಯ ಆರಂಭವಾದ ದಿನವೇ ಮುಗಿಯಬೇಕೆಂಬ ನಿಯಮ ಒಗಟಿನಲ್ಲಿಲ್ಲ; ನಾವು ಸೇರಿಸಿಕೊಂಡದ್ದು. 2024ರ ಜೂನ್ 26ರಂದು ಬಾಸ್ಟನ್ನಿನಲ್ಲಿ ಟೊರಾಂಟೊ ತಂಡದ ಡ್ಯಾನಿ ಜಾನ್ಸನ್ ಹೊಡೆಯಲು ನಿಂತಿದ್ದಾಗ ಮಳೆ ಸುರಿದು ಪಂದ್ಯ ನಿಂತಿತು. ಮುಂದಿನ ತಿಂಗಳು ಅವನನ್ನು ಬಾಸ್ಟನ್ ತಂಡವೇ ಕೊಂಡಿತು. ಆಗಸ್ಟ್ 26ರಂದು ಪಂದ್ಯ ನಿಂತಲ್ಲಿಂದಲೇ ಮುಂದುವರಿದಾಗ ಅವನ ಸರದಿಯನ್ನು ಟೊರಾಂಟೊದ ಬೇರೊಬ್ಬನು ಪೂರೈಸಿದನು. ಬಾಸ್ಟನ್ನಿನ ಕ್ಯಾಚರನಾಗಿ ಹಿಂದೆ ಕುಳಿತಿದ್ದವನು ಜಾನ್ಸನ್ನನೇ. ಒಂದೇ ಪಂದ್ಯದಲ್ಲಿ ಎರಡೂ ಕಡೆಯಿಂದ ಆಡಿದವನು ಆ ಮಹಾಸಂಘದ ಇತಿಹಾಸದಲ್ಲಿ ಇವನೇ ಮೊದಲಿಗ. ನಮ್ಮಲ್ಲಿ ಬೀಗರ ಮನೆಯ ಜಗಳದಲ್ಲಿ ಎರಡೂ ಕಡೆ ಮಾತಾಡುವವರಿರುತ್ತಾರಲ್ಲ, ಅವರಿಗೂ ಇಷ್ಟು ಶಿಸ್ತಾಗಿ ಸಾಧ್ಯವಾಗಿರಲಾರದು.

ಎಡಗೈಯಲ್ಲೇ ಎಸೆದ, ಎಡಗೈಯಲ್ಲೇ ಹಿಡಿದ. ಯಾರು?

ಈ ಆಟದಲ್ಲಿ ಒಂದು ಕೈ ಎಸೆಯಲು, ಮತ್ತೊಂದು ಕೈಗೆ ತೊಗಲಿನ ಗವಸು. ಎರಡು ಕೆಲಸಕ್ಕೂ ಒಂದೇ ಕೈಯೆಂದಾಗ ಇನ್ನೊಂದು ಕೈ ಇಲ್ಲವೆಂದೇ ಅರ್ಥ. ಜಿಮ್ ಅಬಟ್ ಹುಟ್ಟಿನಿಂದಲೇ ಬಲಗೈಯ ಹಸ್ತವಿಲ್ಲದವನು. ಗವಸನ್ನು ಬಲದ ಮೊಂಡುತೋಳಿನ ತುದಿಗೆ ಆನಿಸಿಕೊಂಡು ಎಡಗೈಯಿಂದ ಎಸೆಯುವನು. ಎಸೆದ ಕ್ಷಣದಲ್ಲೇ ಎಡಗೈಯನ್ನು ಗವಸಿನೊಳಕ್ಕೆ ತೂರಿಸಿ ಹಿಡಿಯಲು ಸಿದ್ಧನಾಗುವನು. ಚೆಂಡು ಬಂದರೆ ಹಿಡಿದು, ಗವಸನ್ನು ಬಲಕಂಕುಳಿಗೆ ಸಿಕ್ಕಿಸಿ, ಚೆಂಡನ್ನು ಹೊರತೆಗೆದು ಮತ್ತೆ ಎಸೆಯುವನು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಎಸೆದ ಪಂದ್ಯದಲ್ಲಿ ಎದುರಾಳಿಗಳಿಗೆ ಒಂದೇ ಒಂದು ಸರಿಯಾದ ಹೊಡೆತವೂ ದಕ್ಕದಂತೆ ಮಾಡಿದನು. ದೊಡ್ಡ ದೊಡ್ಡ ಎಸೆಗಾರರ ಇಡೀ ಜೀವಮಾನದಲ್ಲಿ ಒಮ್ಮೆಯೂ ಕೈಗೂಡದ ಸಾಧನೆಯದು.

ಇದರ ಪಕ್ಕದಲ್ಲಿಯೇ ನಿಲ್ಲಿಸುವ ಇನ್ನೊಂದು ಒಗಟು ಉಂಟು. ನನಗೆ ಅಷ್ಟಾಗಿ ಹಿಡಿಸದು. ‘ಬೆನ್ನ ಮೇಲೆ ಪೂರ್ತಿ ಅಂಕೆಯೂ ಇಲ್ಲದವನು, ದಾಂಡು ಬೀಸದೆಯೇ ಬೇಸು ಗಳಿಸಿದ.’ 1951ರ ಆಗಸ್ಟ್ 19ರಂದು ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಒಡೆಯ ಬಿಲ್ ವೀಕ್, 3 ಅಡಿ 7 ಅಂಗುಲ ಎತ್ತರದ ಎಡ್ಡಿ ಗೇಡೆಲ್ ಎಂಬುವನ ಬೆನ್ನಿಗೆ 1/8 ಎಂಬ ಅಂಕೆ ಹಚ್ಚಿ ಕಳುಹಿಸಿದನು. ಎಸೆತವು ಹೊಡೆಯುವವನ ಮೊಣಕಾಲಿಗೂ ಎದೆಗೂ ನಡುವೆ ಬರಬೇಕು. ನಾಲ್ಕು ಸಲ ತಪ್ಪಿದರೆ ಅವನಿಗೆ ಮೊದಲನೆಯ ಬೇಸು ಪುಕ್ಕಟೆ. ಬಾಗಿ ನಿಂತ ಗೇಡೆಲ್‌ನಿಗೆ ಎಸೆಯುವುದು ಎಸೆಗಾರನಿಂದಾಗಲಿಲ್ಲ. ಜನ ನಕ್ಕರು. ಒಗಟು ಜಾಣತನದ್ದೇ, ಆದರೆ ಅಬಟ್‌ನ ಒಗಟಿನಲ್ಲಿ ಮೆಚ್ಚುಗೆಯಿದೆ, ಇದರಲ್ಲಿ ಒಬ್ಬ ಮನುಷ್ಯನ ಮೈಯೇ ನಗೆಚಾಟಿಕೆಯಾಗಿದೆ. ಮಕ್ಕಳಿಗೆ ಎರಡನ್ನೂ ಹೇಳಿ ವ್ಯತ್ಯಾಸವನ್ನು ಅವರಿಂದಲೇ ಹೇಳಿಸಿರಿ.

ಈಗ ಎರಡು ಒಗಟುಗಳನ್ನು ಜೊತೆಗೇ ಇಡುತ್ತೇನೆ, ಏಕೆಂದರೆ ಒಂದು ಮತ್ತೊಂದರ ಕೈ ಹಿಡಿದಿದೆ.

ವರುಷಕ್ಕೊಂದು ದಿನ ಎಲ್ಲರ ಬೆನ್ನಿಗೂ ಅದೇ ಅಂಕೆ. ಉಳಿದ ದಿನ ಒಬ್ಬರ ಬೆನ್ನಿಗೂ ಇಲ್ಲ.

ಸತ್ತು ಎಪ್ಪತ್ತೇಳು ವರುಷಕ್ಕೆ ಸರದಾರನಾದ.

ಮೊದಲನೆಯದರ ಉತ್ತರ 42. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆ ದೇಶದ ಮುಖ್ಯ ತಂಡಗಳಲ್ಲಿ ಕರಿಯ ಜನರಿಗೆ ಪ್ರವೇಶವಿರಲಿಲ್ಲ. ಬರೆದಿಟ್ಟ ಶಾಸನವಿರಲಿಲ್ಲ, ಒಡೆಯರೆಲ್ಲರ ಒಳ ಒಪ್ಪಂದವಿತ್ತು. 1947ರ ಏಪ್ರಿಲ್ 15ರಂದು ನಾವು ಮೇಲೆ ಕಂಡ ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಜಾಕಿ ರಾಬಿನ್‌ಸನ್ ಮೈದಾನಕ್ಕಿಳಿದಾಗ ಆ ಗೋಡೆ ಬಿರಿಯಿತು. ಪ್ರೇಕ್ಷಕರ ಬೈಗುಳ, ಎದುರಾಳಿಗಳ ಮೂದಲಿಕೆ ಎಲ್ಲವನ್ನೂ ನುಂಗಿಕೊಂಡು ಆ ವರ್ಷವೇ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಪಡೆದನು. ಅವನ ಬೆನ್ನ ಅಂಕೆ 42. ಐವತ್ತು ವರ್ಷ ತುಂಬಿದ 1997ರಲ್ಲಿ ಇನ್ನು ಮುಂದೆ ಯಾವ ತಂಡದಲ್ಲಿಯೂ ಯಾರಿಗೂ ಹೊಸದಾಗಿ ಆ ಅಂಕೆ ಕೊಡಬಾರದೆಂದು ಗೊತ್ತುಮಾಡಿದರು. ಆಗಲೇ ತೊಟ್ಟಿದ್ದವರಲ್ಲಿ ಕೊನೆಯವನಾದ ಮರಿಯಾನೊ ರಿವೇರಾ 2013ರಲ್ಲಿ ನಿವೃತ್ತನಾದನು. 2009ರಿಂದ ಪ್ರತಿ ಏಪ್ರಿಲ್ 15ರಂದು ಎಲ್ಲ ತಂಡಗಳ ಎಲ್ಲ ಆಟಗಾರರೂ 42ನ್ನೇ ತೊಡುತ್ತಾರೆ. ಆ ದಿನ ಅಂಕೆ ನೋಡಿ ಆಟಗಾರನನ್ನು ಗುರುತಿಸಲು ಸಾಧ್ಯವೇ ಇಲ್ಲ.

ಎರಡನೆಯದರ ಉತ್ತರ ಜಾಷ್ ಗಿಬ್‌ಸನ್. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕರಿಯ ಜನರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು, 1920ರಿಂದ ವ್ಯವಸ್ಥಿತವಾಗಿ ಪಂದ್ಯಾವಳಿಗಳನ್ನು ನಡೆಸಿದರು. ಆ ಸಂಘಗಳ ಮಹಾಬ್ಯಾಟುಗಾರ ಗಿಬ್‌ಸನ್. ಪಿಟ್ಸ್‌ಬರ್ಗಿನ ಕ್ರಾಫರ್ಡ್ಸ್, ಹೋಮ್‌ಸ್ಟೆಡ್ ಗ್ರೇಸ್ ತಂಡಗಳ ಕ್ಯಾಚರ್. ಅವನು ತೀರಿಕೊಂಡದ್ದು 1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ. ರಾಬಿನ್‌ಸನ್ ಮೈದಾನಕ್ಕಿಳಿಯಲು ಇನ್ನೂ ಮೂರು ತಿಂಗಳಿತ್ತು.

ಜೀವಮಾನದ ಹೊಡೆತದ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲಿನವನು ಯಾರೆಂದು 2023ರಲ್ಲಿ ಕೇಳಿದ್ದರೆ ಅಧಿಕೃತ ಉತ್ತರ ಟೈ ಕಾಬ್ ಎಂದಿತ್ತು: ಸಾವಿರ ಸರದಿಗೆ 367 ಹೊಡೆತಗಳ ಲೆಕ್ಕ. ಕರಿಯರ ಸಂಘಗಳೂ ಮುಖ್ಯ ಸಂಘಗಳೇ ಎಂದು 2020ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ಮಹಾಸಂಘ, ಅವರ ಲೆಕ್ಕವನ್ನು 2024ರ ಮೇ ತಿಂಗಳಲ್ಲಿ ತನ್ನ ಲೆಕ್ಕದೊಳಗೆ ಸೇರಿಸಿತು. ಗಿಬ್‌ಸನ್‌ನದು ಸಾವಿರಕ್ಕೆ 372. ಒಂದೇ ವರ್ಷದ ಸರಾಸರಿಯಲ್ಲಿಯೂ 1943ರ ಅವನ 466, 1894ರಿಂದ ಮೊದಲ ಸ್ಥಾನದಲ್ಲಿದ್ದ ಹ್ಯೂ ಡಫಿಯ 440ನ್ನು ದಾಟಿತು. ಒಗಟು ಅದೇ, ಉತ್ತರ ಬೇರೆ.

ಇದಕ್ಕೆ ಆಕ್ಷೇಪಗಳೂ ಬಂದವು. ಆ ಸಂಘಗಳ ಅಧಿಕೃತ ಪಂದ್ಯಗಳು ವರ್ಷಕ್ಕೆ ಕಡಿಮೆ, ಕೆಲವೇ ಪಂದ್ಯಗಳ ಸರಾಸರಿಯನ್ನು ದೀರ್ಘಕಾಲದ ಸರಾಸರಿಯೊಂದಿಗೆ ತೂಗುವುದು ಸರಿಯೇ ಎಂಬುದು ಮುಖ್ಯವಾದದ್ದು. ಗಣಿತದ ದೃಷ್ಟಿಯಿಂದ ತೆಗೆದುಹಾಕುವ ಮಾತಲ್ಲ. ಆದರೆ ಪಂದ್ಯಗಳೇಕೆ ಕಡಿಮೆಯಾದವು? ಹೊಟ್ಟೆಪಾಡಿಗಾಗಿ ಆ ತಂಡಗಳು ಬಸ್ಸಿನಲ್ಲಿ ಊರೂರು ಅಲೆದು, ಸಿಕ್ಕಿದವರೊಡನೆಲ್ಲ ಆಡಿದವು. ಅಂಥ ಪಂದ್ಯಗಳು ಲೆಕ್ಕಕ್ಕೆ ಬರಲಿಲ್ಲ. ಆಡಿದ ಎಷ್ಟೋ ಪಂದ್ಯಗಳ ವಿವರ ದೊಡ್ಡ ಪತ್ರಿಕೆಗಳಲ್ಲಿ ಅಚ್ಚಾಗಲಿಲ್ಲ. ಅಚ್ಚಾದಷ್ಟನ್ನು ಹಳೆಯ ಪತ್ರಿಕೆಗಳಿಂದ ಆಯ್ದು ಜೋಡಿಸಲು ಸಂಶೋಧಕರು ವರ್ಷಗಟ್ಟಲೆ ದುಡಿದರು. ದಫ್ತರ ತೆಳುವಾದುದು ಆಡಿದವರ ಕುಂದಲ್ಲ, ಬರೆಯದವರದು ಎಂಬುದು ನನ್ನ ಅಭಿಪ್ರಾಯ. ದಫ್ತರದಲ್ಲಿ ನಮ್ಮ ಹೆಸರನ್ನು ಯಾರು, ಯಾವ ಅಕ್ಷರದಲ್ಲಿ, ಎಷ್ಟು ಸರಿಯಾಗಿ ಬರೆಯುತ್ತಾರೆಂಬುದು ಗಡಿಯ ಈಚೆಯ ನಮಗೆ ಸಣ್ಣ ವಿಷಯವಲ್ಲವಷ್ಟೆ.

ಆದುದರಿಂದ ಆಟಗಾರರ ಒಗಟು ಕೇಳಿದಾಗ ಮೊದಲು ‘ಯಾವ ವರ್ಷದ ಲೆಕ್ಕದಂತೆ?’ ಎಂದು ಕೇಳಿರಿ. ಮೊಮ್ಮಗು ಬೆರಗಾಗುತ್ತದೆ. ಹಳೆಯ ಪುಸ್ತಕದ ಉತ್ತರ ಹಿಡಿದು ನಿಮ್ಮನ್ನು ಸೋಲಿಸಲು ಬಂದಿದ್ದರೆ ಗೆಲುವು ನಿಮ್ಮದೇ.

ಪುಟ್ಟ ಮಕ್ಕಳಿಗೊಂದು: ನೂರೆಂಟುಂಟು, ಜಪಮಾಲೆಯಲ್ಲ, ಮೈಯೆಲ್ಲ ಹೊಲಿಗೆ, ಅಂಗಿಯಲ್ಲ. ಬೇಸ್‌ಬಾಲಿನ ಚೆಂಡೇ ಇದು. ಬಿಳಿಯ ತೊಗಲಿನ ಮೇಲೆ ಕೆಂಪು ದಾರದ 108 ಜೋಡಿಹೊಲಿಗೆಗಳಿರುತ್ತವೆ. ಮಹಾಸಂಘದ ಪಂದ್ಯಗಳ ಚೆಂಡುಗಳನ್ನು ಕೋಸ್ಟರಿಕಾ ದೇಶದಲ್ಲಿ ಇಂದಿಗೂ ಕೈಯಿಂದಲೇ ಹೊಲಿಯುತ್ತಾರೆ. 108 ಏಕೆಂದು ನಮ್ಮ ಕಡೆಯ ಅರ್ಥ ಹಚ್ಚಲು ಹೋಗಬೇಡಿರಿ. ಚೆಂಡಿನ ಅಳತೆಗೆ ಅಷ್ಟು ಹೊಲಿಗೆ ಬೇಕು, ಅಷ್ಟೆ.

ಈ ತಿಂಗಳು ವಾಚಕರು ಬಿಡಿಸಬೇಕಾದ ಒಗಟುಗಳು ಮೂರು.

ವಜ್ರವೆನ್ನುವರು, ಅಕ್ಕಸಾಲಿಗ ಕೊಳ್ಳನು. ನಾಲ್ಕು ಮೂಲೆಯುಂಟು, ಮಲಗಲು ಮಂಚವಲ್ಲ. ಇದು ಮಕ್ಕಳಿಗೆ. ಉತ್ತರ ಈ ಪುಟಗಳಲ್ಲೇ ಅಡಗಿದೆ.

ಮೂವತ್ತು ಮಂದಿ ಓರಗೆಯವರು. ಇಪ್ಪತ್ತೊಂಬತ್ತು ಮಂದಿ ಗಡಿಯ ಈಚೆ, ಒಬ್ಬನು ಆಚೆ. ಅವನ ಮನೆಯಂಗಳದ ಆಟಕ್ಕೆ ಎರಡು ರಾಷ್ಟ್ರಗೀತೆ. ಈ ತಂಡದ ಹೆಸರಿನಲ್ಲಿ ಒಂದು ನೀಲಿ ಹಕ್ಕಿ ಇದೆಯೆಂಬ ಸುಳಿವು ಸಾಕು. ಇಲ್ಲಿ ಹಕ್ಕಿಯ ವಿಚಾರದಲ್ಲಿ ಮೋಸವಿಲ್ಲ.

ಬೆನ್ನ ಮೇಲೆ ಮನೆತನದ ಹೆಸರಿಲ್ಲ, ತೊಟ್ಟಿಲಲ್ಲಿಟ್ಟ ಹೆಸರು. ಒಂದೇ ವರುಷ ಇನ್ನೂರ ಅರುವತ್ತೆರಡು ಸಲ ಹೊಡೆದು ಹಳೆಯ ದಾಖಲೆ ಮುರಿದ. ಕೀರ್ತಿಮಂದಿರದ ಬಾಗಿಲಲ್ಲಿ ಎಣಿಸಿದರೆ ಒಂದೇ ಒಂದು ಮತ ಕೊರತೆ. ವರ್ಷಗಳು 2004 ಮತ್ತು 2025. ದೇಶ ಸೂರ್ಯ ಮೊದಲು ಮೂಡುವುದೆಂದು ಹೆಸರಾದದ್ದು.

ಉತ್ತರಗಳನ್ನು ಕಾರ್ಡಿನಲ್ಲಿ ಬರೆದು ಕಳುಹಿಸಬಹುದು. ಅಮೆರಿಕದ ಮೊಮ್ಮಕ್ಕಳನ್ನು ಕೇಳಿ ಬರೆದರೂ ಅಡ್ಡಿಯಿಲ್ಲ. ಯಾರನ್ನು ಕೇಳಿದಿರೆಂದು ಒಂದು ಸಾಲು ಸೇರಿಸಿರಿ. ಸರಿಯುತ್ತರಗಳು ಮುಂದಿನ ಸಂಚಿಕೆಯಲ್ಲಿ.